ಸಗರನಾಡಿನ ಬೆಸುಗೆ: ಕುಲುಮೆಯಿಂದ ಆರ್ಗನ್‌ವರೆಗೆ

ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಕಬ್ಬಿಣಕ್ಕೆ ಕಬ್ಬಿಣ ಕೂಡಿಸುವ ಕಸುಬು ಶತಮಾನಗಳ ಕಾಲ ಇದ್ದಿಲಿನ ಕುಲುಮೆಯದಾಗಿತ್ತು. ಕಳೆದ ಶತಮಾನದಲ್ಲಿ ಅದು ಗ್ಯಾಸು ಮತ್ತು ರಾಡಿನ ವೆಲ್ಡಿಂಗ್‌ಗೆ ಹೊರಳಿತು. ಈಗ ಅದೇ ಊರುಗಳಲ್ಲಿ ಕೈಚೀಲದಷ್ಟು ದೊಡ್ಡ ಇನ್ವರ್ಟರ್ ಯಂತ್ರವೂ ಪಕ್ಕಕ್ಕೊಂದು ಆರ್ಗನ್ ಸಿಲಿಂಡರೂ ಮನೆಯಂಗಳಕ್ಕೆ ಬರುವಷ್ಟು ಅಗ್ಗವಾಗಿವೆ. ಈ ಮೂರು ಘಟ್ಟಗಳಲ್ಲೂ ಕುಶಲ ಕೈಗಳಿಗೆ ಕೊರತೆಯಾಗಲಿಲ್ಲ. ಯಾವಾಗ ಯಾವ ಬೆಸುಗೆ ನಡೆಯಬೇಕೆಂದು ತೀರ್ಮಾನಿಸಿದ್ದು ಬೆಂಕಿಗೆ ಹಾಕುವ ವಸ್ತು. ಇದ್ದಿಲು, ಕಾರ್ಬೈಡ್, ಕರೆಂಟು, ಆರ್ಗನ್ ಇವುಗಳಲ್ಲಿ ಯಾವುದು ಊರಿಗೆ ಸಲೀಸಾಗಿ ತಲುಪಿತೋ ಕೆಲಸವೂ ಅದರ ಹಿಂದೆ ನಡೆಯಿತು.

ಈ ಸೀಮೆಯಲ್ಲಿ ಕಬ್ಬಿಣದ ಬಳಕೆ ಬಹಳ ಹಳೆಯದು. ಸುರಪುರದ ಪಶ್ಚಿಮಕ್ಕಿರುವ ರಾಜನಕೋಳೂರಿನಲ್ಲಿ ಜನ ‘ಮೋರ್ಯರ ಮನೆ’ ಎಂದು ಕರೆಯುವ ಕಲ್ಲುಗೋರಿಗಳಿವೆ. ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ಸಾಲಾಗಿ ಇಟ್ಟ ಬಂಡೆಗಳಿವೆ. 1841ರಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಸುರಪುರಕ್ಕೆ ಬಂದ ಫಿಲಿಪ್ ಮೆಡೋಸ್ ಟೇಲರ್ ಆಡಳಿತದ ನಡುವೆ ಬಿಡುವು ಮಾಡಿಕೊಂಡು ಇಂಥ ಗೋರಿಗಳನ್ನು ಅಗೆಸಿ, ಅಳೆಸಿ, ಕಂಡದ್ದನ್ನು ಬರೆದು ಪ್ರಕಟಿಸಿದ. ದಖನ್ನಿನ ಬೃಹತ್ ಶಿಲಾ ಗೋರಿಗಳಲ್ಲಿ ಮಡಕೆಗಳ ಜೊತೆಗೆ ಕಬ್ಬಿಣದ ಆಯುಧಗಳೂ ಸಿಗುತ್ತವೆ. ಅಂದರೆ ಕ್ರಿಸ್ತಪೂರ್ವ ಕಾಲದಲ್ಲೇ ಇಲ್ಲಿನ ಜನಕ್ಕೆ ಕಬ್ಬಿಣ ಕಾಯಿಸಿ ಬಡಿಯುವುದು ತಿಳಿದಿತ್ತು.

ಇತ್ತೀಚಿನ ಶತಮಾನಗಳಿಗೆ ಬಂದರೆ ಹಳ್ಳಿಯ ಕಬ್ಬಿಣದ ಕೆಲಸವೆಲ್ಲ ಕಂಬಾರನದು. ಅವನು ಊರಿನ ಆಯಗಾರರಲ್ಲಿ ಒಬ್ಬ. ಮಾಡಿದ ಒಂದೊಂದು ಕೆಲಸಕ್ಕೂ ರೊಕ್ಕ ಎಣಿಸುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಶಿಯಿಂದ ತನ್ನ ಆಯದ ಜೋಳ ತರುತ್ತಿದ್ದ. ಪ್ರತಿಯಾಗಿ ವರ್ಷವಿಡೀ ರೈತನ ನೇಗಿಲ ಗುಳ, ಕುಂಟೆಯ ಕುಡ, ಕುಡಗೋಲು, ಕೊಡಲಿಗಳ ಜವಾಬ್ದಾರಿ ಹೊರುತ್ತಿದ್ದ. ಎರೆಭೂಮಿ ಮೆತ್ತಗಿದ್ದಾಗ ಕೆಸರಾಗಿ ಅಂಟಿಕೊಳ್ಳುತ್ತದೆ, ಒಣಗಿತೆಂದರೆ ಕಲ್ಲಾಗುತ್ತದೆ. ಅದರಲ್ಲಿ ಓಡಿದ ಕುಡ ಒಂದೆರಡು ಹಂಗಾಮಿನಲ್ಲೇ ಸವೆದು ಮೊಂಡಾಗುತ್ತದೆ. ಹೀಗಾಗಿ ಮುಂಗಾರಿಗೆ ಮೊದಲು, ಕಾರಹುಣ್ಣಿಮೆಯ ಹೊತ್ತಿಗೆ ಕುಲುಮೆಯ ಮುಂದೆ ಸರದಿ ನಿಲ್ಲುತ್ತಿತ್ತು. ಸವೆದ ಕುಡದ ಬಾಯಿಗೆ ಹೊಸ ಕಬ್ಬಿಣದ ತುಂಡು ಬೆಸೆದು, ಬಡಿದು ತೆಳ್ಳಗೆ ಮಾಡಿ, ನೀರು ಕುಡಿಸಿ ಕೊಡುವುದು ಕಂಬಾರನ ನಿತ್ಯದ ಕೆಲಸ.

ಕುಲುಮೆಯ ಬೆಸುಗೆಯ ಹದ ತಿಳಿಯಬೇಕಾದರೆ ಬಂಡಿಯ ಗಾಲಿಗೆ ಹಳಿ ಕೂಡಿಸುವುದನ್ನು ನೋಡಬೇಕು. ಬಡಿಗೇರ ಮಾಡಿಕೊಟ್ಟ ಮರದ ಗಾಲಿಯ ಸುತ್ತಳತೆಯನ್ನು ದಾರದಿಂದಲೋ ಉರುಳಿಸುವ ಬಳೆಯಿಂದಲೋ ಅಳೆದು, ಅದಕ್ಕಿಂತ ತುಸು ಕಡಿಮೆಯಾಗುವಂತೆ ಕಬ್ಬಿಣದ ಪಟ್ಟಿ ಕತ್ತರಿಸುತ್ತಾರೆ. ಪಟ್ಟಿಯನ್ನು ಬಳೆಯಂತೆ ಬಾಗಿಸಿ, ಎರಡೂ ತುದಿಗಳನ್ನು ಓರೆಯಾಗಿ ಬಡಿದು, ಒಂದರ ಮೇಲೊಂದು ಬರುವಂತೆ ಹೊಂದಿಸುತ್ತಾರೆ. ಆ ಜೋಡನ್ನು ಜಾಲಿಯ ಇದ್ದಿಲಿನಲ್ಲಿ ಹುಗಿದು ತಿದಿ ಒತ್ತಲು ಶುರು. ಕಬ್ಬಿಣ ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿಗೆ ತಿರುಗಿ ಕೊನೆಗೆ ಬೆಳ್ಳಗೆ ಬೆಳಗುತ್ತದೆ. ಸುಮಾರು 1,200ರಿಂದ 1,300 ಡಿಗ್ರಿಯ ಈ ಹಂತದಲ್ಲಿ ಕಬ್ಬಿಣದ ಮೈಯಿಂದ ಸಣ್ಣ ಕಿಡಿಗಳು ಸಿಡಿಯತೊಡಗುತ್ತವೆ. ಅದೇ ಹದ. ಜೋಡಿನ ಮೇಲೆ ಮೊದಲೇ ಚೆಲ್ಲಿದ ಮರಳು ಅಥವಾ ಬಿಳಿಗಾರ ಕರಗಿ, ಕಬ್ಬಿಣದ ಮೇಲಿನ ಕಿಟ್ಟವನ್ನು ತನ್ನೊಳಗೆ ಎಳೆದುಕೊಂಡು ದ್ರವವಾಗಿರುತ್ತದೆ. ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಎರಡು ಸುತ್ತಿಗೆಗಳಿಂದ ಸರದಿಯಾಗಿ ಹೊಡೆದರೆ ಆ ಕಿಟ್ಟ ಪಕ್ಕಕ್ಕೆ ಚಿಮ್ಮಿ, ಎರಡು ತುದಿಗಳು ಒಂದಾಗುತ್ತವೆ. ಹದ ತಪ್ಪಿದರೆ ಎರಡು ಕೇಡು. ಕಡಿಮೆಯಾದರೆ ಬೆಸುಗೆ ಕೂಡುವುದಿಲ್ಲ, ಹೆಚ್ಚಾದರೆ ಕಬ್ಬಿಣ ಸುಟ್ಟು ಪುಡಿಯಾಗುತ್ತದೆ. ಬೆಸೆದ ಬಳೆಯನ್ನು ಆಮೇಲೆ ಕುಳ್ಳಿನ ಉರಿಯಲ್ಲಿ ಸುತ್ತಲೂ ಕಾಯಿಸಿ, ಹಿಗ್ಗಿದಾಗಲೇ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಾರೆ. ತಣಿದು ಕುಗ್ಗಿದ ಹಳಿ ಮರದ ಕೀಲುಗಳನ್ನೆಲ್ಲ ಬಿಗಿದು ಹಿಡಿಯುತ್ತದೆ.

ಬೆಸುಗೆಯ ಇದೇ ತಂತ್ರ ಯುದ್ಧಕ್ಕೂ ದುಡಿಯಿತು. ತುಪಾಕಿಯ ನಳಿಗೆಯನ್ನು ಕಬ್ಬಿಣದ ಪಟ್ಟಿ ಸುತ್ತಿ ಬೆಸೆದು ಮಾಡುತ್ತಿದ್ದರು. ದಖನ್ನಿನ ಕೋಟೆಗಳ ದೊಡ್ಡ ಕಬ್ಬಿಣದ ತೋಪುಗಳಲ್ಲಿ ಹಲವು ಎರಕದವಲ್ಲ. ಉದ್ದನೆಯ ಸಲಾಕೆಗಳನ್ನು ಜೋಡಿಸಿ, ಮೇಲೆ ಬಳೆಗಳನ್ನು ತೊಡಿಸಿ ಬೆಸೆದವು. 1705ರಲ್ಲಿ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಸುರಪುರದ ಬಳಿಯ ವಾಗಣಗೇರಿಗೆ ಮುತ್ತಿಗೆ ಹಾಕಿದಾಗ, ಅಲ್ಲಿನ ದೊರೆ ಪೀತಾಂಬರ ಬಹರಿ ಪಿಡ್ಡನಾಯಕನ ಬೇಡ ಪಡೆ ಮೊಘಲರನ್ನು ತಿಂಗಳುಗಟ್ಟಲೆ ತಡೆದದ್ದು ತುಪಾಕಿಯ ಗುರಿಯಿಂದ. ಆ ತುಪಾಕಿಗಳ ಹಿಂದೆ ಕುಲುಮೆಗಳಿದ್ದವೆಂಬುದನ್ನು ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಮರೆಯುತ್ತವೆ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದು, 1860ರಲ್ಲಿ ಸಂಸ್ಥಾನ ಹೈದರಾಬಾದಿನ ನಿಜಾಮನ ಕೈ ಸೇರಿದ ಮೇಲೆ ಆಯುಧದ ಕೆಲಸಕ್ಕೆ ದೊರೆಯೆಂಬ ಗಿರಾಕಿಯೇ ಇಲ್ಲವಾದ. ಕುಡ, ಕುಡಗೋಲು, ಹಳಿಗಳಷ್ಟೇ ಉಳಿದವು.

1871ರಲ್ಲಿ ಬೊಂಬಾಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ ಯಾದಗಿರಿಯನ್ನು ದಾಟಿ ರಾಯಚೂರು ಮುಟ್ಟಿ, ಅಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. ಮೂರು ಊರುಗಳ ನಡುವಿನ ಅಂತರ ಅಂದಿನಿಂದ ಬೇರೆಯ ಬಗೆಯದಾಯಿತು. ಯಾದಗಿರಿಗೆ ಸ್ಟೇಷನ್ ಸಿಕ್ಕಿತು, ಶಹಾಪುರ ಮತ್ತು ಸುರಪುರಗಳಿಗೆ ಸಿಗಲಿಲ್ಲ. ಆ ಕಡೆ ಹಾಯುವ ಗದಗ–ವಾಡಿ ಮಾರ್ಗದ ಕೆಲಸ ಶುರುವಾದದ್ದು ಬಹಳ ತಡವಾಗಿ. ಹೊರಗಿನ ಕಾರ್ಖಾನೆಯ ಪಟ್ಟಿ, ಸಲಾಕೆ, ಕಲ್ಲಿದ್ದಲು ಎಲ್ಲವೂ ಯಾದಗಿರಿಯಲ್ಲಿ ಇಳಿದು, ಅಲ್ಲಿಂದ ಬಂಡಿಯ ಮೇಲೆ ಒಳನಾಡಿಗೆ ಹೋಗಬೇಕಾಯಿತು. ಕಾರ್ಖಾನೆಯ ಉಕ್ಕು ಅಗ್ಗ, ಅಳತೆಯೂ ಒಂದೇ ಸಮ. ಅದರ ಮುಂದೆ ದೇಶಿ ಭಟ್ಟಿಯ ಕಬ್ಬಿಣ ನಿಲ್ಲಲಿಲ್ಲ. ಕಂಬಾರನಿಗೆ ಇದರಿಂದ ಲಾಭವೂ ಆಯಿತು, ತೊಡಕೂ ಆಯಿತು. ಹಳೆಯ ಮೆದು ಕಬ್ಬಿಣ ಸಲೀಸಾಗಿ ಬೆಸೆದುಕೊಳ್ಳುತ್ತಿತ್ತು. ಹೊಸ ಉಕ್ಕಿನಲ್ಲಿ ಇಂಗಾಲ ಹೆಚ್ಚಿದ್ದರೆ ಬೇಗ ಸುಡುತ್ತಿತ್ತು. ಕುಲುಮೆಯ ಮಿತಿ ಮೊದಲು ಎದ್ದು ಕಂಡದ್ದು ಇಲ್ಲೇ ಇರಬೇಕು. ಹತ್ತಿ ಜಿನ್ನು, ಎಣ್ಣೆ ಗಿರಣಿಗಳ ಎರಕದ ಭಾಗ ಸೀಳಿದಾಗಲೂ ಅಡಿಗಲ್ಲಿನ ಮೇಲಿಟ್ಟು ಬಡಿದು ಸರಿಮಾಡುವಂತಿರಲಿಲ್ಲ.

ಅದಕ್ಕೆ ಉತ್ತರ ಯುರೋಪಿನಲ್ಲಿ ಆಗಲೇ ಸಿದ್ಧವಾಗುತ್ತಿತ್ತು. 1880ರ ದಶಕದಲ್ಲಿ ನಿಕೊಲಾಯ್ ಬೆನಾರ್ಡೋಸ್ ಇಂಗಾಲದ ಕಡ್ಡಿಯಿಂದ ವಿದ್ಯುತ್ ಕಿಡಿ ಹಾರಿಸಿ ಲೋಹ ಕರಗಿಸಿ ಕೂಡಿಸುವುದನ್ನು ತೋರಿಸಿದ. 1888ರಲ್ಲಿ ನಿಕೊಲಾಯ್ ಸ್ಲಾವ್ಯಾನೋವ್ ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಕರಗಿಸಿದ. 1904ರಲ್ಲಿ ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ ಆ ಕಡ್ಡಿಗೆ ಲೇಪ ಹಚ್ಚಿ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಮಾಡಿ ‘ಎಸಾಬ್’ ಕಂಪನಿ ಕಟ್ಟಿದ. ಕಿಟ್ಟ ತೆಗೆಯಲು ಕಂಬಾರ ಮರಳು ಚೆಲ್ಲುತ್ತಿದ್ದನಲ್ಲ, ರಾಡಿನ ಮೇಲಿನ ಲೇಪ ಮಾಡುವುದೂ ಅದೇ ಕೆಲಸ. ಇನ್ನೊಂದು ದಾರಿ ಗ್ಯಾಸಿನದು. 1892ರಲ್ಲಿ ಕಾರ್ಬೈಡನ್ನು ಅಗ್ಗವಾಗಿ ತಯಾರಿಸುವುದು ಸಾಧ್ಯವಾಯಿತು. ಅದಕ್ಕೆ ನೀರು ಬಿದ್ದರೆ ಅಸಿಟಿಲೀನ್ ಏಳುತ್ತದೆ, ಆಮ್ಲಜನಕದ ಜೊತೆ ಉರಿದರೆ 3,000 ಡಿಗ್ರಿ ದಾಟುತ್ತದೆ.

ಭಾರತದಲ್ಲಿ ಇಂಡಿಯನ್ ಆಕ್ಸಿಜನ್ ಕಂಪನಿ 1935ರಲ್ಲಿ ಹುಟ್ಟಿತು. ಅಡ್ವಾನಿ–ಓರ್ಲಿಕಾನ್ 1951ರಲ್ಲಿ ಶುರುವಾಗಿ ಈಗ ‘ಅಡೋರ್’ ಎಂಬ ಹೆಸರಿನಲ್ಲಿದೆ. ಈ ಬೆಳವಣಿಗೆ ಸಗರನಾಡಿಗೆ ನಿಧಾನವಾಗಿ ಇಳಿಯಿತು. ನೀರು ಹನಿಸುವ ಕಾರ್ಬೈಡ್ ಡ್ರಮ್ಮಿಗೆ ಕರೆಂಟೇ ಬೇಡ, ಹೀಗಾಗಿ ಕರೆಂಟಿಲ್ಲದ ಊರುಗಳಿಗೂ ಗ್ಯಾಸು ಹೊಂದುತ್ತಿತ್ತು. ಸೈಕಲ್ ಫ್ರೇಮಿಗೆ ಪಿತ್ತಳೆ ಬೆಸುಗೆ, ತಗಡಿನ ಕೆಲಸ, ದಪ್ಪ ತಗಡಿನ ಕಟಿಂಗ್ ಎಲ್ಲ ಅದರಲ್ಲೇ ನಡೆಯುತ್ತಿತ್ತು. ಖಾಲಿಯಾದ ಆಕ್ಸಿಜನ್ ಸಿಲಿಂಡರನ್ನು ತುಂಬಿಸಿ ತರಲು ಮಾತ್ರ ದೂರದ ಪಟ್ಟಣಕ್ಕೆ ಲಾರಿ ಹುಡುಕಬೇಕಿತ್ತು.

1948ರ ಪೊಲೀಸ್ ಕಾರ್ಯಾಚರಣೆಯಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು, ಮರುವರ್ಷ ರಾಜ್ಯ ವಿದ್ಯುತ್ ಮಂಡಳಿ ರಚನೆಯಾಯಿತು. ಹಳ್ಳಿಗಳಿಗೆ ಕಂಬ, ತಂತಿ ಬರತೊಡಗಿದ್ದು ಆ ಬಳಿಕ. ಆದರೆ ವೆಲ್ಡಿಂಗ್ ಅಂಗಡಿಗಳು ರಸ್ತೆಗೊಂದರಂತೆ ಎದ್ದದ್ದು ಕರೆಂಟಿನಿಂದ ಮಾತ್ರವಲ್ಲ, ನೀರಿನಿಂದಲೂ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ 1982ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ತಂದಿತು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಯಲ್ಲಿ ಭತ್ತ, ಹತ್ತಿ ನಿಂತವು. ರೊಕ್ಕ ಓಡಾಡಿತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಎಂದರೆ ಟ್ರೇಲರ್, ಕಲ್ಟಿವೇಟರ್, ರಾಶಿ ಯಂತ್ರ, ಮುರಿದ ಹುಕ್ಕು, ಸೀಳಿದ ಚಾಸಿ. ಕಂಬಾರನ ಆಯ ಇದನ್ನು ಹೊರುವಂತಿರಲಿಲ್ಲ. ಟ್ರ್ಯಾಕ್ಟರ್ ಇಟ್ಟವನು ಕಣದಲ್ಲಿ ಜೋಳ ಅಳೆದುಕೊಡುವ ಬದಲು ಅಂಗಡಿಯಲ್ಲಿ ನಗದು ಎಣಿಸಿದ. ಆಯದ ಪದ್ಧತಿ ಮಾಯವಾದದ್ದನ್ನು ಬರೇ ಜಾತಿ ಕಸುಬಿನ ಅವನತಿಯೆಂದು ಬರೆಯುವುದುಂಟು. ಲೆಕ್ಕಾಚಾರದ ಕಡೆಯಿಂದ ನೋಡಿದರೆ ಕಂಬಾರನೂ ಅದರಿಂದ ಬಿಡಿಸಿಕೊಳ್ಳಲು ಕಾದಿದ್ದ ಎನ್ನಬಹುದು.

ಆ ಕಾಲದ ಅಂಗಡಿಯ ಒಡಲೆಂದರೆ ಎಣ್ಣೆ ತುಂಬಿದ ವೆಲ್ಡಿಂಗ್ ಸೆಟ್. ಒಳಗೆ ತಾಮ್ರದ ಸುರುಳಿ, ಕಬ್ಬಿಣದ ತಿರುಳು, ಸುತ್ತ ಟ್ರಾನ್ಸ್‌ಫಾರ್ಮರ್ ಎಣ್ಣೆ. ತೂಕ ಕ್ವಿಂಟಲ್ ಮುಟ್ಟುತ್ತಿದ್ದರಿಂದ ಕೆಳಗೆ ಗಾಲಿ ಇರುತ್ತಿತ್ತು. ಅದು ಬೇಡುತ್ತಿದ್ದುದು ಎರಡು ಫೇಸಿನ 415 ವೋಲ್ಟ್, ಮನೆಯ ಮೀಟರಿಗೆ ಸಲ್ಲದ ಸರಕು. ಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟ್ ಪಂಪ್‌ಸೆಟ್ಟಿಗೆ ಕೊಡುವ ಕೆಲವೇ ತಾಸು ಇರುತ್ತಿದ್ದುದರಿಂದ ವೆಲ್ಡಿಂಗ್‌ನವನು ರಾತ್ರಿ ಕರೆಂಟ್ ಬರುವುದನ್ನೇ ಕಾಯುತ್ತಿದ್ದ. ಬೆಳಕು ಕಣ್ಣಿಗೆ ಬಡಿಯದಂತೆ ಕೈಯಲ್ಲಿ ಕಪ್ಪು ಗಾಜಿನ ಹಲಗೆ, ಇನ್ನೊಂದು ಕೈಯಲ್ಲಿ ಹೋಲ್ಡರ್. ಹೆಚ್ಚು ಓಡಿದ್ದು 6013 ಬಗೆಯ ರಾಡು. ತುಕ್ಕು, ಬಣ್ಣ, ಓರೆಕೋರೆ ಜೋಡು ಯಾವುದಕ್ಕೂ ಅದು ಹೆಚ್ಚು ತಕರಾರು ಮಾಡುವುದಿಲ್ಲ, ಕಿಟ್ಟವೂ ಸುಲಭವಾಗಿ ಕಳಚುತ್ತದೆ. ಮಹಾನವಮಿಯ ಖಂಡೇ ಪೂಜೆಯಲ್ಲಿ ಅಡಿಗಲ್ಲಿಗೆ ಸಲ್ಲುತ್ತಿದ್ದ ಕುಂಕುಮ, ಚೆಂಡುಹೂ ಈಗ ಈ ಸೆಟ್ಟಿಗೂ ಸಲ್ಲುತ್ತವೆ.

ಮೂರನೆಯ ಘಟ್ಟದ ಆರ್ಗನ್ ಬೆಸುಗೆ, ಅಂದರೆ ಟಿಗ್, ಹುಟ್ಟಿದ್ದು ಹೊಲದ ಕೆಲಸಕ್ಕಲ್ಲ. 1941ರಲ್ಲಿ ಅಮೆರಿಕದ ನಾರ್ತ್ರಪ್ ವಿಮಾನ ಕಂಪನಿಯಲ್ಲಿ ಮೆಗ್ನೀಸಿಯಂ ಲೋಹದ ಭಾಗಗಳನ್ನು ಕೂಡಿಸಬೇಕಿತ್ತು. ಆ ಲೋಹ ಗಾಳಿಯಲ್ಲಿ ಕರಗಿದರೆ ಹೊತ್ತಿಕೊಳ್ಳುತ್ತದೆ. ರಸೆಲ್ ಮೆರೆಡಿತ್ ಎಂಬ ಎಂಜಿನಿಯರ್ ಟಂಗ್‌ಸ್ಟನ್ ಕಡ್ಡಿಯಿಂದ ಕಿಡಿ ಹೊಮ್ಮಿಸಿ, ಅದರ ಸುತ್ತ ಹೀಲಿಯಂ ಹರಿಸಿದ. ‘ಹೀಲಿಆರ್ಕ್’ ಎಂಬ ಹೆಸರು ಅದರಿಂದ ಬಂತು. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿಯಲ್ಲಿ, ಆದ್ದರಿಂದ ಕಡ್ಡಿ ಕಿಡಿಯನ್ನು ಹಿಡಿದು ನಿಲ್ಲುತ್ತದೆಯೇ ಹೊರತು ರಾಡಿನಂತೆ ಕರಗಿ ಜೋಡಿಗೆ ಸೇರುವುದಿಲ್ಲ. ಬೇಕಾದ ಲೋಹವನ್ನು ಇನ್ನೊಂದು ಕೈಯಿಂದ ತಂತಿಯಾಗಿ ಹನಿಸಬೇಕು. ಮುಂದೆ ಹೀಲಿಯಂ ಬದಲು ಆರ್ಗನ್ ಬಂತು. ಗಾಳಿಯಲ್ಲಿ ಆರ್ಗನ್ ಶೇ 0.93ರಷ್ಟಿದೆ. ಗಾಳಿಯನ್ನು ದ್ರವ ಮಾಡಿ ಆಮ್ಲಜನಕ ತೆಗೆಯುವ ಘಟಕದಲ್ಲೇ ಅದನ್ನೂ ಬೇರ್ಪಡಿಸಬಹುದು. ಉಕ್ಕಿನ ಕಾರ್ಖಾನೆಗೆ ಆಮ್ಲಜನಕ ಬೇಕೇ ಬೇಕು, ಹೀಗಾಗಿ ಬಳ್ಳಾರಿ ಕಡೆಯ ತೋರಣಗಲ್ಲಿನಂಥ ಉಕ್ಕಿನ ಊರಿನಲ್ಲಿ ಆರ್ಗನ್ನೂ ಸಿಗುತ್ತದೆ. ಭಾರತದ ಅಂಗಡಿಗಳಲ್ಲಿ ಟಿಗ್ ಎನ್ನುವುದಕ್ಕಿಂತ ‘ಆರ್ಗನ್ ವೆಲ್ಡಿಂಗ್’ ಎಂದರೇ ಬೇಗ ತಿಳಿಯುತ್ತದೆ.

ಸಗರನಾಡಿನಲ್ಲಿ ಇದಕ್ಕೆ ಕೆಲಸ ಕೊಟ್ಟದ್ದು ಸ್ಟೀಲು. ಮನೆಯ ಮೆಟ್ಟಿಲಿಗೆ ಹೊಳೆಯುವ ಪೈಪಿನ ಕಟಾಂಜನ, ಖಾನಾವಳಿಯ ಕಟ್ಟೆ, ಡೇರಿಯ ಕ್ಯಾನು, ಗುಡಿಯ ಹುಂಡಿ. ತೆಳು ಸ್ಟೇನ್‌ಲೆಸ್ ಪೈಪಿಗೆ ರಾಡು ಹಚ್ಚಿದರೆ ತೂತು ಬೀಳುತ್ತದೆ, ಕಪ್ಪಾಗುತ್ತದೆ. ಕೆಲಸ ಹುಡುಕಿ ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋದ ಹುಡುಗರು ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ಕಲಿಯುವುದು ಈ ಕೆಲಸವನ್ನೇ. ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. ಮುಂದಿನ ದಶಕದಲ್ಲಿ ಕಡೇಚೂರಿನಲ್ಲಿ ರೈಲ್ವೆ ಬೋಗಿ ಚೌಕಟ್ಟಿನ ಕಾರ್ಖಾನೆ ಬಂದು, ವೆಲ್ಡರ್ ಎಂಬ ಹುದ್ದೆಗೆ ಊರಲ್ಲೇ ಒಂದು ತೂಕ ಸಿಕ್ಕಿತು. ಆದರೂ ಮನೆಯ ಹವ್ಯಾಸಕ್ಕೆ ಟಿಗ್ ಕೈಗೆಟುಕಿದ್ದು ಇನ್ವರ್ಟರ್‌ನಿಂದ. ಕರೆಂಟನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಕಳಿಸುವ ಅರೆವಾಹಕಗಳು ಬಂದ ಮೇಲೆ ಟ್ರಾನ್ಸ್‌ಫಾರ್ಮರ್ ಅಂಗೈಯಷ್ಟಾಯಿತು. ಕ್ವಿಂಟಲ್ ತೂಕದ ಸೆಟ್ಟು ಮಾಡುತ್ತಿದ್ದ ಕೆಲಸವನ್ನು ಹತ್ತು ಕಿಲೋ ಒಳಗಿನ ಪೆಟ್ಟಿಗೆ ಮನೆಯ 230 ವೋಲ್ಟಿನಲ್ಲೇ ಮಾಡತೊಡಗಿತು.

ಅಗ್ಗದ ಟಿಗ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಮನೆಯ ಕರೆಂಟು. ಇಲ್ಲಿ ಟಿಗ್‌ಗೆ ಒಂದು ಅನುಕೂಲವಿದೆ. ಅದರ ಕಿಡಿಗೆ ಕಡಿಮೆ ವೋಲ್ಟ್ ಸಾಕು. 2 ಮಿಲಿಮೀಟರ್ ಸ್ಟೀಲಿಗೆ ಸುಮಾರು 80 ಆಂಪಿಯರ್ ಹೊಡೆದರೂ ಗೋಡೆಯ ಸಾಕೆಟ್ಟಿನಿಂದ ಎಳೆಯುವುದು ಎಂಟೊಂಬತ್ತು ಆಂಪಿಯರ್. ಅದೇ ಯಂತ್ರದಲ್ಲಿ 100 ಆಂಪಿಯರಿನ ರಾಡು ಹಚ್ಚಿದರೆ ಅದರ ಇಮ್ಮಡಿ ಎಳೆಯುತ್ತದೆ. ಹಾಗಾಗಿ 16 ಆಂಪಿಯರ್ ಸಾಕೆಟ್ ಟಿಗ್‌ಗೆ ಸಾಲುತ್ತದೆ, ರಾಡಿಗೆ ಸಾಲದು. ಲೈನಿನ ಕೊನೆಯ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಕುಸಿಯುವುದರಿಂದ, ಕಡಿಮೆ ವೋಲ್ಟಿನಲ್ಲೂ ನಡೆಯುವ ಯಂತ್ರಕ್ಕೆ ತುಸು ಹೆಚ್ಚು ತೆರುವುದು ಲಾಭ. ಡ್ಯೂಟಿ ಸೈಕಲ್ ಎಂಬ ಅಂಕಿಯೂ ಮುಖ್ಯ. ಶೇ 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಈ ಅಂಕಿಯನ್ನು ಸಾಮಾನ್ಯವಾಗಿ 40 ಡಿಗ್ರಿ ಬಿಸಿಲಿಗೆ ಹಾಕಿರುತ್ತಾರೆ. ಯಾದಗಿರಿಯ ಮೇ ತಿಂಗಳು ಅದನ್ನು ದಾಟುತ್ತದೆ, ಪೆಟ್ಟಿಗೆಯ ಮೇಲೆ ಬರೆದಷ್ಟು ದುಡಿಸಿದರೆ ಯಂತ್ರ ತಾನೇ ನಿಂತುಬಿಡುತ್ತದೆ. ಅರ್ಥಿಂಗ್ ಕೂಡ ಇಲ್ಲಿ ಹಗುರಾಗಿ ತೆಗೆದುಕೊಳ್ಳುವಂಥದ್ದಲ್ಲ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಅರ್ಥಿಂಗ್ ಸಲಾಕೆಯಿಂದ ದೂರ ಸರಿಯುತ್ತದೆ. ಗುಂಡಿಗೆ ಆಗಾಗ ನೀರು ಹಾಕಬೇಕು.

ಡಿಸಿ ಸಾಕೇ, ಎಸಿಯೂ ಬೇಕೇ ಎಂಬುದು ಮುಂದಿನ ಪ್ರಶ್ನೆ. ಕಬ್ಬಿಣ, ಸ್ಟೀಲು, ತಾಮ್ರಕ್ಕೆ ಡಿಸಿ ಸಾಕು. ಅಲ್ಯೂಮಿನಿಯಂ ಮೈಮೇಲೆ ಗಟ್ಟಿ ಪೊರೆ ಇರುತ್ತದೆ, ಅದನ್ನು ಒಡೆಯಲು ಎಸಿ ಬೇಕು. ಎರಡೂ ಇರುವ ಯಂತ್ರದ ಬೆಲೆ ಎರಡು ಮೂರು ಪಟ್ಟು. ಕಟಾಂಜನ, ಮೇಜು, ಕುರ್ಚಿ ಮಾಡಲು ಹೊರಟವನು ಎಂದೋ ಒಮ್ಮೆ ಬರುವ ಅಲ್ಯೂಮಿನಿಯಂ ಪಾತ್ರೆಗಾಗಿ ಆ ರೊಕ್ಕ ಸುರಿಯುವುದು ಜಾಣತನವಲ್ಲ. ಕಿಡಿ ಹೊತ್ತಿಸುವ ಬಗೆ ಮೂರು. ಕಡ್ಡಿಯನ್ನು ಲೋಹಕ್ಕೆ ಗೀರುವುದು ತೀರ ಅಗ್ಗ, ಆದರೆ ಗೀರಿದಾಗಲೆಲ್ಲ ಟಂಗ್‌ಸ್ಟನ್ ತುದಿ ಕೆಡುತ್ತದೆ. ಮುಟ್ಟಿಸಿ ಎತ್ತುವುದು ಹವ್ಯಾಸಿಗೆ ಸಾಕಾಗುವ ಮಧ್ಯಮ ದಾರಿ. ಮುಟ್ಟಿಸದೆಯೇ ಹೊತ್ತಿಸುವ ಹೈ ಫ್ರೀಕ್ವೆನ್ಸಿ ಸಿಕ್ಕರೆ ಬಿಡಬಾರದು. ಟಂಗ್‌ಸ್ಟನ್ ಕಡ್ಡಿಗಳಲ್ಲಿ ಕೆಂಪು ತುದಿಯದ್ದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ, ಅರೆದಾಗ ಅದರ ಧೂಳು ಎದೆಗಿಳಿಯುತ್ತದೆ. ನೀಲಿ ತುದಿಯ ಲ್ಯಾಂಥನಂ ಕಡ್ಡಿ ಅದಕ್ಕಿಂತ ಮೇಲು.

ಮನೆಯ ಟಿಗ್‌ಗೆ ನಿಜವಾದ ಖರ್ಚು ಯಂತ್ರದ್ದಲ್ಲ, ಗ್ಯಾಸಿನದು. ಆಕ್ಸಿಜನ್ ಸಿಲಿಂಡರಿಗಾಗಿ ಹಿಂದೆ ಲಾರಿ ಕಾದವರ ಪಾಡು ಇಲ್ಲಿ ಆರ್ಗನ್ ಹೆಸರಿನಲ್ಲಿ ಮರಳಿದೆ. ಎತ್ತರದ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್ ಆರ್ಗನ್ ಹಿಡಿಯುತ್ತದೆ. ನಿಮಿಷಕ್ಕೆ 8 ಲೀಟರಿನಂತೆ ಹರಿಸಿದರೆ ಹದಿನಾಲ್ಕು ತಾಸಿನ ಕಿಡಿ. 10 ಲೀಟರಿನ ಚಿಕ್ಕದರಲ್ಲಿ ಒಂದೂವರೆ ಘನ ಮೀಟರ್, ಅಂದರೆ ಮೂರು ತಾಸು. ಚಿಕ್ಕದು ಕೊಂಡವನು ಮೂರು ತಾಸಿನ ಕೆಲಸಕ್ಕೊಮ್ಮೆ ಅದನ್ನು ಬೈಕಿಗೆ ಕಟ್ಟಿಕೊಂಡು ತುಂಬಿಸಲು ಹೋಗಬೇಕು. ಸುರಪುರದಿಂದ ಜಿಲ್ಲಾ ಕೇಂದ್ರಕ್ಕೇ ಐವತ್ತು ಕಿಲೋಮೀಟರ್ ಮೀರುತ್ತದೆ. ಊರಿನ ಸ್ಟೀಲ್ ಅಂಗಡಿಯವನ ಜೊತೆ ಸೇರಿ ದೊಡ್ಡ ಸಿಲಿಂಡರ್ ತರಿಸಿಕೊಳ್ಳುವುದೇ ಈ ಭಾಗದಲ್ಲಿ ನಡೆಯುವಂಥ ಏರ್ಪಾಡು. ಸಿಲಿಂಡರ್ ಕೊಳ್ಳುವಾಗ ಹೆಗಲ ಮೇಲೆ ಕೊರೆದ ಪರೀಕ್ಷೆಯ ತಾರೀಖು ನೋಡಬೇಕು. ಅವಧಿ ಮೀರಿದ್ದನ್ನು ತುಂಬುವವರು ಹಿಂದಿರುಗಿಸುತ್ತಾರೆ.

ಗಾಳಿ ಬೀಸುವಲ್ಲಿ ಆರ್ಗನ್ ನಿಲ್ಲುವುದಿಲ್ಲ. ಆಷಾಢದ ಗಾಳಿಯಲ್ಲಿ ಅಂಗಳಕ್ಕೆ ಬಂದು ಟಿಗ್ ಹಚ್ಚಿದರೆ ಬೆಸುಗೆ ಜೇನುಗೂಡಿನಂತೆ ತೂತು ತೂತಾಗುತ್ತದೆ. ಹಾಗೆಂದು ಬಾಗಿಲು ಕಿಟಕಿ ಬಿಗಿದು ಕೂರುವಂತೆಯೂ ಇಲ್ಲ. ಆರ್ಗನ್ ಗಾಳಿಗಿಂತ ಭಾರ, ವಾಸನೆಯಿಲ್ಲ, ಸಣ್ಣ ಕೋಣೆಯಲ್ಲಿ ತಳದಿಂದ ತುಂಬುತ್ತ ಉಸಿರಿನ ಗಾಳಿಯನ್ನು ಹೊರದೂಡುತ್ತದೆ. ಒಂದು ಬದಿ ತೆರೆದ, ಗಾಳಿ ನೇರ ಬಡಿಯದ ಪಡಸಾಲೆಯೇ ಸರಿಯಾದ ಜಾಗ. ಕಿಡಿ ಸಣ್ಣದಾಗಿ, ಸದ್ದಿಲ್ಲದೆ ಉರಿಯುವುದರಿಂದ ಕಣ್ಣಿಗೆ ಅಪಾಯವಿಲ್ಲವೆಂದು ತೋರಬಹುದು. ಹೊಗೆಯ ಮರೆಯಿಲ್ಲದ ಕಾರಣ ಅದರ ನೇರಳಾತೀತ ಕಿರಣ ರಾಡಿಗಿಂತಲೂ ನೇರವಾಗಿ ಕಣ್ಣು ತಾಗುತ್ತದೆ. ತಾನೇ ಕಪ್ಪಾಗುವ ಗಾಜಿನ ಹೆಲ್ಮೆಟ್, ತೋಳು ಮುಚ್ಚುವ ಹತ್ತಿಯ ಅಂಗಿ, ತೆಳು ಚರ್ಮದ ಕೈಗವಸು ಯಂತ್ರದ ಬೆಲೆಯಲ್ಲೇ ಸೇರಿಸಿ ಎಣಿಸಬೇಕಾದ ಖರ್ಚು.

ಟ್ರ್ಯಾಕ್ಟರಿನ ಹುಕ್ಕು, ಟ್ರೇಲರಿನ ಚಾಸಿ, ತುಕ್ಕು ಹಿಡಿದ ಕಲ್ಟಿವೇಟರ್ ಇಂದಿಗೂ ರಾಡಿನ ಪಾಲಿಗೇ ಇವೆ. ಟಿಗ್‌ಗೆ ಲೋಹ ಚೊಕ್ಕ ಇರಬೇಕು, ಜೋಡು ಹೊಂದಿರಬೇಕು, ಹೊಲದಿಂದ ಬರುವ ಕಬ್ಬಿಣದಲ್ಲಿ ಎರಡೂ ಇರುವುದಿಲ್ಲ. ಅದೃಷ್ಟಕ್ಕೆ ಟಿಗ್‌ನ ಇನ್ವರ್ಟರಿಗೆ ಟಾರ್ಚ್ ಬಿಚ್ಚಿ ಹೋಲ್ಡರ್ ಸಿಗಿಸಿದರೆ ರಾಡೂ ನಡೆಯುತ್ತದೆ, ತಂತಿ ಮತ್ತು ಸಾಕೆಟ್ಟು ಮಾತ್ರ ಆ ಹೆಚ್ಚಿನ ಭಾರಕ್ಕೆ ತಕ್ಕದ್ದಿರಬೇಕು. ಮೊಂಡಾದ ಕುಡವನ್ನು ಬಡಿದು ನೀರು ಕುಡಿಸುವ ಕೆಲಸ ಇವೆರಡರಿಂದಲೂ ಆಗದು. ಅದಕ್ಕೆ ಎತ್ತು ಉಳಿಸಿಕೊಂಡ ರೈತ ಇಂದಿಗೂ ಕುಲುಮೆಗೇ ಹೋಗಬೇಕು.